ಮ್ಯಾರಿಗೋಲ್ಡ್ ಹೋಟೆಲಿನಲ್ಲಿ ಫಾರ್ಮ್ ಸಿ ತುಂಬಿದವರು ಯಾರು?

ಈ ಜನವರಿಯಲ್ಲಿ ಅವ್ವ ಊರಿಂದ ಬಂದಿದ್ದಳು. ಒಂದು ಚೀಲ ಅವರೆಕಾಯಿ, ಹತ್ತು ತೆಂಗಿನಕಾಯಿ ಜೊತೆಗೆ. ಭಾನುವಾರ ಮಧ್ಯಾಹ್ನ ಊಟ ಆದಮೇಲೆ ನಾವಿಬ್ಬರೂ ‘ದಿ ಬೆಸ್ಟ್ ಎಕ್ಸಾಟಿಕ್ ಮ್ಯಾರಿಗೋಲ್ಡ್ ಹೋಟೆಲ್’ ಸಿನಿಮಾ ಹಾಕ್ಕೊಂಡು ಕೂತ್ವಿ. ನನಗೆ ಅದು ನಾಲ್ಕನೇ ಸಲ, ನನ್ನ ಹೆಂಡತಿಗೆ ಮೊದಲನೇದು. ಅವ್ವನಿಗೆ ಇಂಗ್ಲಿಷ್ ಬರಲ್ಲ, ಆದರೆ ಟೀವಿಯಲ್ಲಿ ಯಾವ ಭಾಷೆ ಬಂದರೂ ಅವಳಿಗೆ ಅಡ್ಡಿಯಿಲ್ಲ. ನೆಲದ ಮೇಲೆ ಪೇಪರ್ ಹಾಸ್ಕೊಂಡು ಅವರೆಕಾಯಿ ಸುಲೀತಾ ನೋಡ್ತಿದ್ದಳು. ಹೆಂಡತಿ ಕಥೆ ಬಿಡಿಸಿ ಹೇಳಿದಳು: “ಅತ್ತೆ, ಇವರೆಲ್ಲ ಇಂಗ್ಲೆಂಡಿನ ವಯಸ್ಸಾದೋರು. ಅಲ್ಲಿ ದುಡ್ಡು ಸಾಲಲ್ಲ ಅಂತ ನಮ್ಮ ದೇಶಕ್ಕೆ ಬಂದು ಒಂದು ಹೋಟ್ಲಲ್ಲಿ ಇದ್ಬಿಡ್ತಾರೆ.”

ಅವ್ವ ಕೈ ನಿಲ್ಲಿಸದೆ ಕೇಳಿದಳು: “ಇವ್ರಿಗೂ ಆರೇ ತಿಂಗ್ಳಾ?”

ಹೆಂಡತಿಗೆ ಪ್ರಶ್ನೆ ಅರ್ಥ ಆಗಲಿಲ್ಲ. ನನಗೆ ಆಯ್ತು. ಎರಡು ಗಂಟೆಗೂ ಹೆಚ್ಚು ಓಡುವ ಆ ಸಿನಿಮಾ ಎಲ್ಲೂ ಕೇಳದ ಪ್ರಶ್ನೆ ಅದು. ಈ ಬರಹ ಅದರ ಬಗ್ಗೆಯೇ.

ನೋಡದೇ ಇರೋರಿಗೆ ಎರಡು ಮಾತು. ಜಾನ್ ಮ್ಯಾಡನ್ ನಿರ್ದೇಶನದ ಈ ಸಿನಿಮಾ ಬ್ರಿಟನ್ನಿನಲ್ಲಿ ಬಿಡುಗಡೆಯಾದದ್ದು 2012ರ ಫೆಬ್ರವರಿಯಲ್ಲಿ. ಏಳು ಜನ ವೃದ್ಧರು ಒಂದು ಬ್ರೋಷರ್ ನಂಬಿಕೊಂಡು ಜೈಪುರಕ್ಕೆ ಬರ್ತಾರೆ. ಬ್ರೋಷರಿನಲ್ಲಿದ್ದದ್ದು ಅರಮನೆ, ಬಂದು ನೋಡಿದರೆ ಧೂಳು ಹಿಡಿದ ಹಳೇ ಹವೇಲಿ. ಅದನ್ನು ನಡೆಸೋ ಹುಡುಗ ಸನಿ (ದೇವ್ ಪಟೇಲ್). ಅವನ ಬಿಸಿನೆಸ್ ಐಡಿಯಾ ನಮ್ಮ ಕಸುಬಿನವರಿಗೆ ತಕ್ಷಣ ತಿಳಿಯುವಂಥದ್ದು: ಕೋಡಿಂಗ್, ಕಾಲ್ ಸೆಂಟರ್ ಎಲ್ಲ ಔಟ್‌ಸೋರ್ಸ್ ಆಗಿದೆ, ಮುಪ್ಪು ಯಾಕಾಗಬಾರದು?

ಬೆಂಗಳೂರಿನ ಓದುಗರಿಗೆ ಇನ್ನೊಂದು ವಿಷಯ. ಇದಕ್ಕೆ ಮೂಲ ಡೆಬೊರಾ ಮೊಗಾಕ್ 2004ರಲ್ಲಿ ಬರೆದ ‘ದೀಸ್ ಫೂಲಿಶ್ ಥಿಂಗ್ಸ್’ ಕಾದಂಬರಿ. ಅದರಲ್ಲಿ ಮುದುಕರು ಬರೋದು ಜೈಪುರಕ್ಕಲ್ಲ, ಬೆಂಗಳೂರಿಗೆ. ಸರಿಯಾದ ಆಯ್ಕೆಯೇ. ‘ಪಿಂಚಣಿದಾರರ ಸ್ವರ್ಗ’ ಅಂತ ಒಂದು ಕಾಲಕ್ಕೆ ಕರೆಸಿಕೊಂಡ ಊರು ಇದು. ನಾನು ಇಎಂಐ ಕಟ್ತಿರೋ ಫ್ಲಾಟ್ ಇರುವ ವೈಟ್‌ಫೀಲ್ಡ್ ಕೂಡ 1882ರಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಆಂಗ್ಲೋ-ಇಂಡಿಯನ್ನರ ವಸಾಹತಾಗಿ ಶುರುವಾದ ಜಾಗ. ಸಿನಿಮಾದವರು ಕಥೆಯನ್ನು ರಾಜಸ್ಥಾನಕ್ಕೆ ಎತ್ತಿಕೊಂಡು ಹೋದರು. ಕಾರಣ ಊಹಿಸೋದು ಕಷ್ಟವೇನಲ್ಲ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ‘ಎಕ್ಸಾಟಿಕ್’ ಏನು ತೋರಿಸ್ತೀರ?

ಮೊದಲು ಒಳ್ಳೇದನ್ನ ಹೇಳಿಬಿಡ್ತೀನಿ. ಈ ಸಿನಿಮಾ ನನಗೆ ಇಷ್ಟ, ಇಲ್ಲದಿದ್ದರೆ ನಾಲ್ಕು ಸಲ ಯಾರು ನೋಡ್ತಾರೆ. ನಮ್ಮ ಸಿನಿಮಾಗಳಲ್ಲಿ ವಯಸ್ಸಾದೋರು ಸಾಮಾನ್ಯವಾಗಿ ಮಕ್ಕಳ ಕಥೆಗೆ ಸಾಮಗ್ರಿ. ನಾನು ತುಂಬಾ ಮೆಚ್ಚುವ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ವಿನಲ್ಲೂ (2016) ಅನಂತ್ ನಾಗ್ ಕಳೆದುಹೋಗುವುದು ಕೊನೆಗೂ ಮಗನ ಕಣ್ಣು ತೆರೆಸೋಕೆ. ಮ್ಯಾರಿಗೋಲ್ಡ್‌ನ ಮುದುಕರು ಹಾಗಲ್ಲ. ಅವರಿಗೆ ಅವರದೇ ಆಸೆ, ಅವರದೇ ಮುನಿಸು. ಎವಲಿನ್ (ಜೂಡಿ ಡೆಂಚ್) ಜೀವನದಲ್ಲಿ ಮೊದಲ ಸಲ ಸಂಬಳದ ಕೆಲಸಕ್ಕೆ ಸೇರ್ತಾಳೆ. ನಿವೃತ್ತ ಜಡ್ಜ್ ಗ್ರಹಾಂ (ಟಾಮ್ ವಿಲ್ಕಿನ್ಸನ್) ಹರೆಯದಲ್ಲಿ ಪ್ರೀತಿಸಿ ಬಿಟ್ಟುಹೋದ ಗೆಳೆಯನನ್ನು ಹುಡುಕಿಕೊಂಡು ಅಲೀತಾನೆ. ಮ್ಯೂರಿಯಲ್ (ಮ್ಯಾಗಿ ಸ್ಮಿತ್) ಇಡೀ ಆಯುಷ್ಯ ಯಾರದೋ ಮನೆ ನೋಡಿಕೊಂಡು, ಕೊನೆಗೆ ತನ್ನ ಜಾಗಕ್ಕೆ ಬರೋಳಿಗೆ ತಾನೇ ಟ್ರೇನಿಂಗ್ ಕೊಟ್ಟು ಹೊರಬಿದ್ದೋಳು. ಐಟಿಯಲ್ಲಿ ಇದಕ್ಕೆ ‘ನಾಲೆಡ್ಜ್ ಟ್ರಾನ್ಸ್‌ಫರ್’ ಅಂತೀವಿ. ಆ ದೃಶ್ಯ ನೋಡುವಾಗ ನನ್ನ ಹೆಂಡತಿ ನನ್ನ ಮುಖ ನೋಡಿದಳು.

ಇನ್ನು ತಕರಾರು.

ಸಿನಿಮಾ ಶುರುವಾಗೋದೇ ಒಂದು ಫೋನ್ ಕರೆಯಿಂದ. ಎವಲಿನ್ ಇಂಟರ್ನೆಟ್ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿರ್ತಾಳೆ. ಆ ಕಡೆ ಭಾರತೀಯ ಹುಡುಗಿ. ಖಾತೆ ಗಂಡನ ಹೆಸರಲ್ಲಿದೆ, ಅವರ ಜೊತೆಗೇ ಮಾತಾಡಬೇಕು ಅಂತಾಳೆ. ಗಂಡ ತೀರಿಹೋಗಿದ್ದಾನೆ ಅಂದರೂ ಹುಡುಗಿ ಸ್ಕ್ರಿಪ್ಟ್ ಬಿಟ್ಟು ಆಚೆ ಬರಲ್ಲ. ಮುಂದೆ ಜೈಪುರದ ಕಾಲ್ ಸೆಂಟರಿಗೆ ಸೇರಿದ ಎವಲಿನ್, ಫೋನಿನಲ್ಲಿ ಮನುಷ್ಯರ ಹಾಗೆ ಮಾತಾಡೋದು ಹೇಗೆ ಅಂತ ಅಲ್ಲಿನ ಮಕ್ಕಳಿಗೆ ಹೇಳಿಕೊಡ್ತಾಳೆ.

ಚೆಂದದ ದೃಶ್ಯವೇ. ಆದರೆ ನಾನು ಕೆಲಸಕ್ಕೆ ಸೇರಿದ ಮೊದಲ ಎರಡು ವರ್ಷ ಸಪೋರ್ಟ್ ಪ್ರಾಜೆಕ್ಟಿನಲ್ಲಿ ಇದ್ದವನು. ಆ ಸ್ಕ್ರಿಪ್ಟ್ ಬರೆಯೋದು ಕರೆ ತೆಗೆದುಕೊಳ್ಳೋ ಹುಡುಗಿ ಅಲ್ಲ, ಕ್ಲೈಂಟ್. ಒಂದು ಸಾಲು ಆಚೀಚೆ ಆದರೆ ಅವಳ ಕ್ವಾಲಿಟಿ ಸ್ಕೋರ್ ಬೀಳುತ್ತೆ. ಕಾಗದಪತ್ರದ ಕಲ್ಲುತನ ಲಂಡನ್ನಿನಲ್ಲಿ ತಯಾರಾಗಿ ಭಾರತದ ಬಾಯಲ್ಲಿ ಕೇಳಿಸುತ್ತೆ, ಸಿನಿಮಾ ಬಾಯನ್ನಷ್ಟೇ ತೋರಿಸುತ್ತೆ.

ಅದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ಮೊದಲ ಇಪ್ಪತ್ತು ನಿಮಿಷ ಈ ಸಿನಿಮಾದಲ್ಲಿ ಎಲ್ಲರೂ ದುಡ್ಡಿನ ಮಾತೇ ಆಡ್ತಾರೆ. ಗಂಡ ಮಾಡಿಟ್ಟ ಸಾಲಕ್ಕೆ ಎವಲಿನ್ ಮನೆ ಮಾರಬೇಕು. ಡಗ್ಲಸ್ (ಬಿಲ್ ನೈ), ಜೀನ್ (ಪೆನೆಲೊಪಿ ವಿಲ್ಟನ್) ದಂಪತಿ ನಿವೃತ್ತಿಯ ಹಣವನ್ನು ಮಗಳ ಇಂಟರ್ನೆಟ್ ಕಂಪನಿಗೆ ಸುರಿದು ಕೂತಿದ್ದಾರೆ. ಸೊಂಟದ ಆಪರೇಷನ್ನಿಗೆ ಮ್ಯೂರಿಯಲ್ ಆರು ತಿಂಗಳು ಕಾಯಬೇಕು, ಭಾರತದಲ್ಲಾದರೆ ಬೇಗ ಆಗುತ್ತೆ, ಅಗ್ಗ ಕೂಡ. ಲೆಕ್ಕಾಚಾರ ಪಕ್ಕಾ. ವಿಮಾನ ಇಳಿದ ಮೇಲೆ ಲೆಕ್ಕಾಚಾರ ಮಾಯ. ಹೋಟೆಲಿಗೆ ಸಾಲ ಇದೆ, ಸನಿಯ ತಾಯಿಯ ಕೋಪ ಇದೆ. ಈ ಏಳು ಜನ ಎಷ್ಟು ದಿನ ಇರಬಹುದು, ಯಾವ ವೀಸಾದಲ್ಲಿ, ಕಾಯಿಲೆ ಬಿದ್ದರೆ ಬಿಲ್ ಯಾರದು, ಪಿಂಚಣಿ ಎಷ್ಟು ಬರುತ್ತೆ, ಇದ್ಯಾವುದೂ ಕಥೆಗೆ ತೊಡಕಾಗೋದೇ ಇಲ್ಲ.

ಈ ಸಿನಿಮಾ ನನಗೆ ಹೇಳಿದ್ದೇ ಲೀಡ್ಸ್‌ನಲ್ಲಿದ್ದಾಗಿನ ನನ್ನ ಮ್ಯಾನೇಜರ್. ಎರಡು ವರ್ಷದ ಹಿಂದೆ ರಿಟೈರ್ ಆಗಿ ಬೆಂಗಳೂರಿಗೆ ಬಂದರು, ನಮ್ಮ ಮನೇಲೇ ಹದಿನೈದು ದಿನ ಇದ್ದರು. ಮೈಸೂರಿಗೆ ಕರ್ಕೊಂಡು ಹೋದೆ. ಚಾಮುಂಡಿ ಬೆಟ್ಟದ ಮೇಲೆ ನಿಂತು, “ಇಲ್ಲೇ ಒಂದು ಸಣ್ಣ ಮನೆ ತಗೊಂಡು ಇದ್ದುಬಿಟ್ರೆ ಹೇಗೆ?” ಅಂದರು. ಮ್ಯಾರಿಗೋಲ್ಡ್ ಗುಂಗು. ನಾನು ಇಂಜಿನಿಯರ್ ಬುದ್ಧಿ ಬಿಡಲಿಲ್ಲ. ವಾಪಸ್ ಬಂದು ಒಂದು ಎಕ್ಸೆಲ್ ಶೀಟ್ ಮಾಡಿದೆ.

ಮೊದಲ ಸಾಲು: ಭಾರತದಲ್ಲಿ ರಿಟೈರ್‌ಮೆಂಟ್ ವೀಸಾ ಅನ್ನೋದೇ ಇಲ್ಲ. ಥಾಯ್ಲೆಂಡಿನಲ್ಲಿದೆ. 50 ದಾಟಿರಬೇಕು, ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಡಬೇಕು ಅಥವಾ ತಿಂಗಳಿಗೆ 65,000 ಬಾತ್ ವರಮಾನ ತೋರಿಸಬೇಕು, 90 ದಿನಕ್ಕೊಮ್ಮೆ ವಿಳಾಸ ವರದಿ ಮಾಡಬೇಕು. ಕಿರಿಕಿರಿಯೇ, ಆದರೆ ಬಾಗಿಲು ಅಂತ ಒಂದಿದೆ. ಮಲೇಷ್ಯಾ, ಫಿಲಿಪ್ಪೀನ್ಸ್‌ನಲ್ಲೂ ಅವರವರದೇ ಯೋಜನೆಗಳಿವೆ. ನಮ್ಮಲ್ಲಿ ಬ್ರಿಟಿಷ್ ಮುದುಕರಿಗೆ ಇರೋದು ಟೂರಿಸ್ಟ್ ವೀಸಾ. ಒಂದೇ ಸಮನೆ 180 ದಿನಕ್ಕಿಂತ ಹೆಚ್ಚು ಇರೋ ಹಾಗಿಲ್ಲ. ಬೇರೆ ಯಾವುದೋ ದೀರ್ಘಾವಧಿ ವೀಸಾ ಸಿಕ್ಕಿತು ಅಂತಿಟ್ಟುಕೊಂಡರೂ, ಬಂದಿಳಿದ 14 ದಿನದೊಳಗೆ ಎಫ್‌ಆರ್‌ಆರ್‌ಒದಲ್ಲಿ, ಅಂದರೆ ವಿದೇಶಿಯರ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಬೇಕು.

ಎರಡನೇ ಸಾಲು, ಮನೆ. ಇಲ್ಲಿ ವಾಸಿಯಾಗಿರದ, ಭಾರತೀಯ ಮೂಲದವರೂ ಅಲ್ಲದ ವಿದೇಶಿಯರು ಮನೆ ಕೊಳ್ಳೋ ಹಾಗಿಲ್ಲ. ರಿಸರ್ವ್ ಬ್ಯಾಂಕಿನ ಅನುಮತಿ ಇಲ್ಲದೆ ಸಿಗೋದು ಹೆಚ್ಚೆಂದರೆ ಐದು ವರ್ಷದ ಬಾಡಿಗೆ ಕರಾರು.

ಮೂರನೇ ಸಾಲು, ಕೆಲಸ. ಟೂರಿಸ್ಟ್ ವೀಸಾದಲ್ಲಿ ಸಂಬಳಕ್ಕೆ ದುಡಿಯೋ ಹಾಗಿಲ್ಲ. ಸಿನಿಮಾ ತಯಾರಾದ ಹೊತ್ತಿನ ನಿಯಮದ ಪ್ರಕಾರ ಎಂಪ್ಲಾಯ್‌ಮೆಂಟ್ ವೀಸಾಕ್ಕೆ, ಕೆಲವು ವಿನಾಯಿತಿ ಬಿಟ್ಟರೆ, ವರ್ಷಕ್ಕೆ 25,000 ಡಾಲರ್ ಸಂಬಳ ಇರಬೇಕಿತ್ತು. ಎವಲಿನ್‌ಗೆ ಜೈಪುರದ ಯಾವ ಕಾಲ್ ಸೆಂಟರ್ ಅಷ್ಟು ಕೊಟ್ಟೀತು?

ನಾಲ್ಕನೇ ಸಾಲು, ಫಾರ್ಮ್ ಸಿ. ವಿದೇಶಿಯೊಬ್ಬರು ಉಳಿದುಕೊಂಡರೆ 24 ಗಂಟೆಯೊಳಗೆ ಅವರ ಪಾಸ್‌ಪೋರ್ಟ್, ವೀಸಾ ವಿವರವನ್ನು ಜಾಗ ಕೊಟ್ಟವರು ಸಲ್ಲಿಸಬೇಕು. ಹೋಟೆಲಿಗೆ ಮಾತ್ರ ಅಲ್ಲ, ನಮ್ಮ ನಿಮ್ಮ ಮನೆಗೂ ಇದು ಅನ್ವಯ. ನಾನು ತುಂಬಿದೆ. ಫೋಟೋ ಸೈಜ್ ಸರಿಯಿಲ್ಲ ಅಂತ ಮೂರು ಸಲ ವಾಪಸ್ ಬಂತು. ಒಂದು ರಾತ್ರಿ ಅದಕ್ಕೇ ಹೋಯ್ತು. ಟೆಲಿಫೋನೇ ನೆಟ್ಟಗಿಲ್ಲದ ಹೋಟೆಲಿನಲ್ಲಿ ಸನಿ ಏಳು ಜನರ ಫಾರ್ಮ್ ಸಿ ಯಾವಾಗ ತುಂಬಿದ ಅಂತ ನನಗೆ ಇವತ್ತಿಗೂ ಕುತೂಹಲ.

ಇನ್ನೂ ಒಂದು ವಿಷಯ. 2009ರ ಕೊನೆಯಲ್ಲಿ ಬಂದ ನಿಯಮದ ಪ್ರಕಾರ ಟೂರಿಸ್ಟ್ ವೀಸಾದವರು ಭಾರತ ಬಿಟ್ಟು ಹೋದರೆ ಎರಡು ತಿಂಗಳು ತಿರುಗಿ ಬರುವಂತಿರಲಿಲ್ಲ. ಬಹುತೇಕ ದೇಶದವರಿಗೆ ಇದನ್ನು ಸಡಿಲಿಸಿದ್ದು 2012ರ ಕೊನೆಗೆ. ಅಂದರೆ ಸಿನಿಮಾ ತಯಾರಾಗಿ ತೆರೆ ಕಂಡ ಅಷ್ಟೂ ದಿನ ಆ ನಿಯಮ ಜಾರಿಯಲ್ಲಿತ್ತು.

ಪಿಂಚಣಿಯದು ಇನ್ನೂ ಬೇಜಾರಿನ ಕಥೆ. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಪ್ರತಿ ವರ್ಷ ಏರುತ್ತೆ. ಅಮೆರಿಕದಲ್ಲೋ ಫಿಲಿಪ್ಪೀನ್ಸ್‌ನಲ್ಲೋ ನೆಲೆಸಿದವರಿಗೂ ಏರುತ್ತೆ. ಭಾರತ, ಆಸ್ಟ್ರೇಲಿಯಾ, ಕೆನಡಾ, ದಕ್ಷಿಣ ಆಫ್ರಿಕದಂಥ ದೇಶಕ್ಕೆ ಹೋಗಿ ನೆಲೆಸಿದರೆ ಹೋದ ದಿನದ ಮೊತ್ತದಲ್ಲೇ ನಿಂತುಬಿಡುತ್ತೆ. ಈ ತಾರತಮ್ಯದ ವಿರುದ್ಧ ಪಿಂಚಣಿದಾರರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ತನಕ ಹೋಗಿ 2010ರಲ್ಲಿ ಸೋತರು. 2011-12ರಲ್ಲಿ ಪೂರ್ತಿ ಮೂಲ ಪಿಂಚಣಿ ವಾರಕ್ಕೆ 102.15 ಪೌಂಡ್ ಇತ್ತು. 2024-25ರಲ್ಲಿ ಅದು 169.50. ಆ ವರ್ಷ ಭಾರತಕ್ಕೆ ಬಂದು ನೆಲೆಸಿದ ಎವಲಿನ್‌ಗೆ ಇವತ್ತೂ 102.15 ಪೌಂಡೇ. ಊರಲ್ಲೇ ಇದ್ದಿದ್ದರೆ 2024-25ರಲ್ಲಿ ಸಿಗ್ತಿದ್ದದ್ದಕ್ಕಿಂತ ವರ್ಷಕ್ಕೆ ಸುಮಾರು 3,500 ಪೌಂಡ್ ಕಡಿಮೆ. ಈ ನಡುವೆ ಜೈಪುರದ ಹಾಲು, ತರಕಾರಿ, ಆಟೋ ಬೆಲೆ ಎಲ್ಲಿದ್ದವೋ ಅಲ್ಲೇ ನಿಂತಿಲ್ಲ. ಬ್ರಿಟನ್ನಿನ ಉಚಿತ ಆರೋಗ್ಯ ಸೇವೆಯೂ ಅಲ್ಲಿನ ವಾಸಿಗಳಿಗೆ ಮಾತ್ರ. ಖಾಯಂ ಆಗಿ ದೇಶ ಬಿಟ್ಟವರು ಸುಮ್ಮನೆ ಹಾರಿ ಹೋಗಿ ಆಪರೇಷನ್ ಮಾಡಿಸ್ಕೊಂಡು ಬರೋಕಾಗಲ್ಲ.

ಶೀಟ್ ನೋಡಿ ಮ್ಯಾನೇಜರ್ ನಕ್ಕರು. “ಸಿನಿಮಾದಲ್ಲಿ ಇದ್ಯಾವುದೂ ಇರಲಿಲ್ಲ” ಅಂದರು. ಈಗ ಪ್ರತಿ ಚಳಿಗಾಲ ಎರಡು ತಿಂಗಳು ಬಂದು ಹೋಗ್ತಾರೆ. ಅದು ರಜೆ, ನೆಲೆಸೋದಲ್ಲ.

ಇಷ್ಟು ಗೊತ್ತಾದ ಮೇಲೆ ಸಿನಿಮಾದ ಒಬ್ಬಳು ನನಗೆ ಬೇರೆ ಥರ ಕಾಣ್ತಾಳೆ. ಡಗ್ಲಸ್‌ನ ಹೆಂಡತಿ ಜೀನ್. ನೋಡುಗರು ಒಟ್ಟಾಗಿ ಬೈಯಲಿ ಅಂತಲೇ ಬರೆದ ಪಾತ್ರ ಅದು. ಸದಾ ಗೊಣಗಾಟ, ಹೋಟೆಲ್ ಬಿಟ್ಟು ಹೊರಗೆ ಕಾಲಿಡಲ್ಲ, ಊರು ನೋಡಲ್ಲ. ಮಗಳ ಕಂಪನಿ ಕೈ ಹಿಡಿದದ್ದೇ ಇಂಗ್ಲೆಂಡಿಗೆ ಹೊರಟು ನಿಲ್ತಾಳೆ, ಗಂಡನನ್ನು ಬಿಟ್ಟು. ಸಿನಿಮಾ ಅವಳ ಭಯವನ್ನು ಸಣ್ಣ ಮನಸ್ಸು ಅಂತ ಓದುತ್ತೆ. ಆದರೆ ಏಳು ಜನರಲ್ಲಿ ‘ನಾವಿಲ್ಲಿ ಏನು ಮಾಡ್ತಿದ್ದೀವಿ, ನಾಳೆ ಏನು ಗತಿ’ ಅಂತ ಯೋಚನೆ ಮಾಡೋಳು ಅವಳೊಬ್ಬಳೇ. ಮಿಕ್ಕವರಿಗೆ ಆ ಯೋಚನೆ ಬೇಕಾಗಿಲ್ಲ, ಯಾಕಂದ್ರೆ ಕಥೆ ಬರೆದವರು ಅವರ ಪರವಾಗಿ ಎಲ್ಲ ಫಾರ್ಮಿಗೂ ಸಹಿ ಹಾಕಿಬಿಟ್ಟಿದ್ದಾರೆ. ಪೆನೆಲೊಪಿ ವಿಲ್ಟನ್ ಆ ಪಾತ್ರಕ್ಕೆ ಇಷ್ಟು ಮರ್ಯಾದೆ ಉಳಿಸಿದ್ದು ಅವರ ನಟನೆಯ ಬಲದಿಂದ, ಬರವಣಿಗೆಯಿಂದಲ್ಲ.

ಜೀನ್ ಮೇಲೆ ನನಗೆ ಯಾಕಿಷ್ಟು ಕನಿಕರ ಅಂದರೆ, ಆ ಭಯವನ್ನು ನಾನು ನಮ್ಮ ಮನೇಲೇ ನೋಡಿದ್ದೀನಿ.

ಅಪ್ಪ ಹೋದದ್ದು 2011ರಲ್ಲಿ. 2013ರಲ್ಲಿ ಕಂಪನಿ ನನ್ನನ್ನು ಲೀಡ್ಸ್‌ಗೆ ಕಳಿಸಿತು. 2015ರ ಬೇಸಿಗೆಯಲ್ಲಿ ಅವ್ವನನ್ನು ಕರೆಸಿಕೊಂಡೆ. ಅರಸೀಕೆರೆ ಹತ್ತಿರದ ನಮ್ಮ ಹಳ್ಳಿಯಿಂದ ಹಾಸನದ ಆಚೆಗೆ ಹೆಚ್ಚು ಓಡಾಡಿದೋಳಲ್ಲ. ಮ್ಯಾಂಚೆಸ್ಟರ್ ಏರ್‌ಪೋರ್ಟಿನಲ್ಲಿ ಕೇಳಿದರೆ ಹೇಳು ಅಂತ ಫೋನಿನಲ್ಲೇ ನಾಲ್ಕು ಪದ ಕಲಿಸಿದ್ದೆ: “ಸನ್ ಹೌಸ್. ಸಿಕ್ಸ್ ಮಂತ್ಸ್.” ವಿಸಿಟರ್ ವೀಸಾದಲ್ಲಿ ಒಂದು ಸಲಕ್ಕೆ ಅಷ್ಟೇ. ರಾತ್ರಿ ಒಂಬತ್ತೂವರೆಗೂ ಬೆಳಕಿರೋದು ನೋಡಿ, “ಇದೇನ್ ಮಗ, ಹೊತ್ತೇ ಮುಳುಗಲ್ವಲ್ಲ, ದೀಪ ಯಾವಾಗ ಹಚ್ಲಿ?” ಅಂತಿದ್ದಳು. ಮೂರನೇ ತಿಂಗಳಿಗೆ ಪಕ್ಕದ ಮನೆಯ ಪಂಜಾಬಿ ಅಜ್ಜಿಯ ಜೊತೆ ಇವಳು ಕನ್ನಡದಲ್ಲಿ, ಅವರು ಪಂಜಾಬಿಯಲ್ಲಿ ಗಂಟೆಗಟ್ಟಲೆ ಮಾತು. ಮ್ಯಾರಿಗೋಲ್ಡ್ ಸಿನಿಮಾವೇ.

ಒಂದು ರಾತ್ರಿ ಎರಡು ಗಂಟೆಗೆ ಹೊಟ್ಟೆನೋವು ಅಂತ ಎಬ್ಬಿಸಿದಳು. ಬೆವರುತ್ತಿದ್ದಳು. ಅವಳಿಗೆ ಬಿಪಿ, ಶುಗರ್ ಎರಡೂ ಇದೆ, ಟ್ರಾವೆಲ್ ಇನ್ಶೂರೆನ್ಸ್ ಹಳೇ ಕಾಯಿಲೆಗೆ ಅನ್ವಯಿಸಲ್ಲ. ಎಮರ್ಜೆನ್ಸಿ ವಿಭಾಗದಲ್ಲಿ ನೋಡೋದು ಉಚಿತ. ಅಡ್ಮಿಟ್ ಮಾಡಿಕೊಂಡರೆ, ಆ ವರ್ಷದ ಏಪ್ರಿಲ್‌ನಿಂದ ಬಂದ ನಿಯಮದಂತೆ, ವಿಸಿಟರ್‌ಗಳಿಗೆ ದರದ ಶೇ. 150ರಷ್ಟು ಬಿಲ್. ಹೇಳೋಕೆ ನಾಚಿಕೆ ಆಗುತ್ತೆ, ಆದರೂ ಹೇಳ್ತೀನಿ. ಅವತ್ತು ರಾತ್ರಿ ಅವ್ವನ ಹಣೆ ಮುಟ್ಟಿ ನೋಡೋದಕ್ಕೆ ಮುಂಚೆ ನಾನು ಲ್ಯಾಪ್‌ಟಾಪ್ ತೆಗೆದು ಪಾಲಿಸಿಯ ಪಿಡಿಎಫ್ ನೋಡಿದೆ. ಅವಳು ಗೋಡೆಗೆ ಒರಗಿ ಕೂತು ನನ್ನನ್ನೇ ನೋಡ್ತಿದ್ದಳು. ಆಮೇಲೆ, “ಜೀರಿಗೆ ಕಷಾಯ ಮಾಡ್ಕೊಡು ಮಗ, ಹೋಗ್ತದೆ” ಅಂದಳು. ಬೆಳಗಿನ ಜಾವ ನೋವು ಇಳೀತು. ಅಂದಿನಿಂದ ಅವಳು ದಿನ ಎಣಿಸೋಕೆ ಶುರುಮಾಡಿದಳು. ಜೀನ್ ಮುಖದಲ್ಲಿ ನಾನು ನೋಡೋದು ಆ ಎಣಿಕೆಯನ್ನು.

ಅದೇ ವರ್ಷ ಕ್ಲೈಂಟ್ ಕಡೆಯಿಂದ ನನಗೆ ಖಾಯಂ ಕೆಲಸದ ಮಾತು ಬಂದಿತ್ತು. ಐದು ವರ್ಷ ದುಡಿದು ಅಲ್ಲಿನ ವಾಸದ ಹಕ್ಕು ಪಡೆದು ಆಮೇಲೆ ಅವ್ವನನ್ನು ಕರೆಸಿಕೊಳ್ಳೋದು ಅಂತ ಲೆಕ್ಕ ಹಾಕಿದೆ. ನಿಯಮ ಓದಿದೆ. ವಯಸ್ಸಾದ ತಂದೆತಾಯಿ ಬರಬೇಕಾದರೆ ಸ್ನಾನ, ಬಟ್ಟೆ, ಅಡುಗೆಯಂಥ ದಿನನಿತ್ಯದ ಕೆಲಸಕ್ಕೂ ಇನ್ನೊಬ್ಬರ ಆರೈಕೆ ಬೇಕಾಗುವ ಸ್ಥಿತಿಯಲ್ಲಿರಬೇಕು. ಆ ಆರೈಕೆ ಅವರ ದೇಶದಲ್ಲಿ ಸಿಗಬಾರದು, ಅಥವಾ ಮಕ್ಕಳು ದುಡ್ಡು ಕಳಿಸಿದರೂ ಕೈಗೆಟುಕದಂತಿರಬೇಕು. ಅವ್ವನನ್ನು ಲೀಡ್ಸ್‌ನಲ್ಲಿ ಸಾಕುವಷ್ಟು ಸಂಬಳ ಇರೋ ಮಗನಿಗೆ ಅರಸೀಕೆರೆಯಲ್ಲಿ ಆಳು ಇಡೋಕೆ ಆಗಲ್ವಾ? ಅಲ್ಲಿಗೆ ಅರ್ಜಿ ಮುಗೀತು. ಇಷ್ಟು ಬಿಗಿಯಾದ ಈ ನಿಯಮ ಜಾರಿಗೆ ಬಂದದ್ದು 2012ರ ಜುಲೈ 9ರಂದು. ಮ್ಯಾರಿಗೋಲ್ಡ್ ಬ್ರಿಟನ್ನಿನಲ್ಲಿ ಬಿಡುಗಡೆಯಾಗಿ ಐದು ತಿಂಗಳೂ ಆಗಿರಲಿಲ್ಲ. ಸ್ವಂತ ವರಮಾನ ಇರೋ ವಿದೇಶಿ ನಿವೃತ್ತರಿಗೆ ಅಂತ ಇದ್ದ ವೀಸಾವನ್ನು ಬ್ರಿಟನ್ 2008ರಲ್ಲೇ ನಿಲ್ಲಿಸಿತ್ತು.

ನಾನು 2016ರಲ್ಲಿ ವಾಪಸ್ ಬಂದೆ. ತ್ಯಾಗ ಅಂತೇನೂ ಅಂದುಕೊಂಡಿಲ್ಲ, ಇಲ್ಲೂ ಕೆಲಸ ಇತ್ತು. ಆದರೆ ಆ ಸಿನಿಮಾ ನೋಡುವಾಗಲೆಲ್ಲ ಒಂದು ಮಾತು ಕಾಡುತ್ತೆ. ಇಂಗ್ಲೆಂಡಿನ ಅಮ್ಮಂದಿರು ಭಾರತಕ್ಕೆ ಬಂದು ನೆಲೆಸೋ ಕಥೆಗೆ ಬ್ರಿಟನ್ನಿನ ಜನ ಥಿಯೇಟರ್ ತುಂಬಿಸುತ್ತಿದ್ದ ವರ್ಷವೇ, ಭಾರತದ ಅಮ್ಮಂದಿರು ಮಕ್ಕಳ ಬಳಿ ಹೋಗಿ ನೆಲೆಸೋ ಬಾಗಿಲು ಮುಚ್ಚಿತು. ನಮ್ಮ ಸರ್ಕಾರವೇನೂ ಹೆಚ್ಚು ಉದಾರಿಯಲ್ಲ, ಮೇಲಿನ ಎಕ್ಸೆಲ್ ಶೀಟ್ ನೋಡಿ. ಯಾವ ದೇಶಕ್ಕೂ ಇನ್ನೊಬ್ಬರ ಮುದುಕರು ಬೇಡ. ಈ ಸತ್ಯವನ್ನು ಮರೆಸಿ ಎರಡು ಗಂಟೆ ಖುಷಿಯಾಗಿಟ್ಟದ್ದೇ ಸಿನಿಮಾದ ಗೆಲುವು, ಅದೇ ಅದರ ಸೋಲು ಕೂಡ.

“ಸಿನಿಮಾನ ಸಿನಿಮಾ ಥರ ನೋಡಪ್ಪ, ಆಡಿಟ್ ಮಾಡ್ಬೇಡ” ಅಂದಳು ಹೆಂಡತಿ. ನ್ಯಾಯವಾದ ಮಾತೇ. ಹಾಯಾಗಿ ನೋಡೋ ಚಿತ್ರದಲ್ಲಿ ವೀಸಾ ಕಚೇರಿಯ ಕ್ಯೂ ಯಾರಿಗೆ ಬೇಕು? ಆದರೆ ನನ್ನ ವಾದ ವಾಸ್ತವದ ಪಟ್ಟಿ ಬೇಕು ಅಂತಲ್ಲ. ಆ ಕ್ಯೂನಲ್ಲಿ ಒಳ್ಳೇ ಹಾಸ್ಯ ಇದೆ, ಕಥೆಯೂ ಇದೆ. ಬೆಂಗಳೂರಿನ ಎಫ್‌ಆರ್‌ಆರ್‌ಒ ಇರೋದು ಶಾಂತಿನಗರದ ಬಸ್ ನಿಲ್ದಾಣದ ಕಟ್ಟಡದಲ್ಲಿ. ಮ್ಯಾಗಿ ಸ್ಮಿತ್ ಗಾಲಿಕುರ್ಚಿಯಲ್ಲಿ ಅಲ್ಲಿಗೆ ಬಂದು ಟೋಕನ್ ಹಿಡಿದು ಗುಮಾಸ್ತನ ಜೊತೆ ಜಗಳಕ್ಕೆ ನಿಲ್ಲೋದನ್ನ ಊಹಿಸಿಕೊಳ್ಳಿ! ಗ್ರಹಾಂ ಸತ್ತಾಗ ಸಿನಿಮಾ ನೇರ ಚಿತೆಯ ಬೆಳಕಿಗೆ ಹೋಗಿಬಿಡುತ್ತೆ. ನಿಜದಲ್ಲಿ ವಿದೇಶಿಯೊಬ್ಬರು ಸತ್ತರೆ ಮರಣ ಪ್ರಮಾಣಪತ್ರ, ಹೈಕಮಿಷನ್, ರದ್ದಾಗಬೇಕಾದ ಪಾಸ್‌ಪೋರ್ಟ್. ಆ ಕಾಗದಗಳಲ್ಲಿ ‘ಹತ್ತಿರದ ಸಂಬಂಧಿ’ ಅನ್ನೋ ಜಾಗದಲ್ಲಿ ಯಾರ ಹೆಸರು ಬರೀತಿದ್ರು? ನಲವತ್ತು ವರ್ಷದ ಮೇಲೆ ಸಿಕ್ಕ ಗೆಳೆಯನದಾ? ಚಿತೆಯ ದೃಶ್ಯಕ್ಕಿಂತ ಆ ಒಂದು ಖಾಲಿ ಗೆರೆ ಹೆಚ್ಚು ಹೇಳ್ತಿತ್ತು.

2015ರಲ್ಲಿ ಬಂದ ಎರಡನೇ ಭಾಗದಲ್ಲಾದರೂ ಇದು ಬರಬಹುದು ಅಂದುಕೊಂಡಿದ್ದೆ. ಅದರಲ್ಲಿ ರಾತ್ರಿ ಯಾರೂ ಸತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳೋಕೆ ಸನಿ ದಿನಾ ಬೆಳಗ್ಗೆ ಹಾಜರಿ ತಗೋತಾನೆ, ಒಳ್ಳೇ ತಮಾಷೆ. ಒಬ್ಬ ಇನ್ಸ್‌ಪೆಕ್ಟರ್ ಬರ್ತಾನೆ ಅಂತ ಇಡೀ ಹೋಟೆಲ್ ಹೆದರುತ್ತೆ. ಆದರೆ ಆ ಇನ್ಸ್‌ಪೆಕ್ಟರ್ ನೋಡಬೇಕಾದ್ದು ಹೋಟೆಲ್ ಚೆನ್ನಾಗಿದೆಯಾ ಅಂತ, ವೀಸಾ ಮುಗಿದಿದೆಯಾ ಅಂತ ಅಲ್ಲ.

ಅವತ್ತು ಸಿನಿಮಾ ಮುಗಿಯೋ ಹೊತ್ತಿಗೆ ಅವರೆಕಾಳು ಒಂದು ಪಾತ್ರೆ ತುಂಬಿತ್ತು. ಕೊನೇ ದೃಶ್ಯದಲ್ಲಿ ಎವಲಿನ್ ಡಗ್ಲಸ್ ಸ್ಕೂಟರಿನಲ್ಲಿ ಹೋಗೋದನ್ನ ನೋಡಿ ಅವ್ವ ನಕ್ಕಳು. ಆಮೇಲೆ ಮತ್ತೆ ಕೇಳಿದಳು, “ಅಲ್ಲಾ, ಇವ್ರನ್ನ ಯಾರೂ ವಾಪಸ್ ಕಳಿಸ್ಲೇ ಇಲ್ವಾ?”

“ಇಲ್ಲ ಅವ್ವ, ಸಿನಿಮಾ ಅಲ್ವಾ.”

“ಪುಣ್ಯವಂತ್ರು” ಅಂದಳು. ಮಾರನೇ ದಿನ ಊರಿಗೆ ಹೊರಟಳು. ಇನ್ನೊಂದು ವಾರ ಇರು ಅಂದರೆ, ಕಾಯಿ ಕೀಳೋನು ಬರ್ತಾನೆ, ಇರೋಕಾಗಲ್ಲ ಅಂದಳು. ಇಲ್ಲಿ ಅವಳಿಗೆ ಯಾವ ವೀಸಾನೂ ಬೇಕಾಗಿಲ್ಲ. ಆದರೂ ಬಂದ ದಿನವೇ ಹೊರಡೋ ದಿನ ಗೊತ್ತು ಮಾಡಿಕೊಂಡಿರ್ತಾಳೆ. ಆ ಅಭ್ಯಾಸ ಅವಳಿಗೆ ಲೀಡ್ಸ್‌ನಲ್ಲಿ ಅಂಟಿದ್ದಾ, ಅಥವಾ ಆ ರಾತ್ರಿ ನನ್ನ ಲ್ಯಾಪ್‌ಟಾಪ್ ನೋಡಿ ಅಂಟಿದ್ದಾ ಅಂತ ಕೇಳೋ ಧೈರ್ಯ ನನಗೆ ಇನ್ನೂ ಬಂದಿಲ್ಲ.